ಯಂತ್ರಗಳ ಸಂತೆಗೆ ಒಂದು ದಿನ ಮೊದಲು

ಹೋದ ಶನಿವಾರ ಬೆಂಗಳೂರಿನ ಪೀಣ್ಯದಲ್ಲಿ ನಮ್ಮಂಥ ಸಣ್ಣ ಕಾರ್ಖಾನೆಯವರು ಕೆಲವರು ಸೇರಿದ್ದೆವು. ಕಾಫಿ ಕುಡಿಯುತ್ತ ಕೂತಿದ್ದಾಗ ಒಂದು ಮಾತು ಎದ್ದಿತು. ಯಂತ್ರೋಪಕರಣಗಳ ದೊಡ್ಡ ಪ್ರದರ್ಶನದ ಜೊತೆಗೇ ತಾಂತ್ರಿಕ ಸಮ್ಮೇಳನವನ್ನೂ ಇಟ್ಟುಕೊಳ್ಳಬೇಕೇ, ಅಥವಾ ಅದನ್ನು ಕಾಲೇಜುಗಳ ಪಾಡಿಗೆ ಬಿಡುವುದು ಒಳ್ಳೆಯದೇ? "ಸ್ಟಾಲ್ ಸುತ್ತುವುದಕ್ಕೇ ಎರಡು ದಿನ ಸಾಲುವುದಿಲ್ಲ, ಭಾಷಣ ಕೇಳುವವರು ಯಾರು?" ಎಂದು ಮುಕ್ಕಾಲು ಪಾಲು ಜನ ತಳ್ಳಿಹಾಕಿದರು. ನನ್ನ ಮಾತು ಅಲ್ಲಿ ಪೂರ್ತಿಯಾಗಲಿಲ್ಲ. ಪೂರ್ತಿಯಾಗಿ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ಜೊತೆಗಿರಬೇಕು. ಒಂದೇ ಊರು, ಒಂದೇ ಆವರಣ, ಆದರೆ ಒಂದೇ ಹೊತ್ತಲ್ಲ. ಸಮ್ಮೇಳನ ಪ್ರದರ್ಶನದ ಬಾಗಿಲು ತೆರೆಯುವ ಮುನ್ನ ಮುಗಿದಿರಬೇಕು.

ಹೀಗೆ ಹೇಳುವುದಕ್ಕೆ ನನ್ನ ಶೆಡ್ಡಿನಲ್ಲೇ ನಡೆದ ಒಂದು ಸಂಗತಿ ಕಾರಣ. ಕೆಲವು ವರ್ಷಗಳ ಹಿಂದೆ ಅಲ್ಯೂಮಿನಿಯಂ ಬ್ರ್ಯಾಕೆಟ್‌ಗಳ ಆರ್ಡರ್ ಒಂದು ನಮಗೆ ಸಿಕ್ಕಿತ್ತು. ಒಂದು ಬದಿಯ ಗೋಡೆ 1.5 ಮಿಲಿಮೀಟರ್ ದಪ್ಪ, ಅಷ್ಟೇ. ಎಂಡ್ ಮಿಲ್, ಅಂದರೆ ತಿರುಗುತ್ತ ಲೋಹ ಕೊಯ್ಯುವ ಹಲ್ಲಿನ ಕಟ್ಟರ್, ಆ ಗೋಡೆಗೆ ತಾಗಿದ ಕೂಡಲೇ ಇಡೀ ಶೆಡ್ ಕೇಳುವ ಹಾಗೆ ಜಾಬ್ (ಕೊಯ್ಯುತ್ತಿರುವ ಬಿಡಿಭಾಗ) ಕಿರುಚುತ್ತಿತ್ತು. ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಗೆರೆಗಳು ಬೀಳುತ್ತಿದ್ದವು. ನಮ್ಮ ಆಪರೇಟರ್ ಹದಿನೈದು ವರ್ಷ ಅನುಭವ ಇದ್ದವನು. ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ, ವೇಗ ಇಳಿಸಿದ. ನಿಮಿಷಕ್ಕೆ 6000 ಸುತ್ತಿನಿಂದ 5500, ಆಮೇಲೆ 5000. ಕಿರುಚಾಟ ತಗ್ಗಿತು, ನಿಲ್ಲಲಿಲ್ಲ. ಒಂದು ಜಾಬ್‌ಗೆ ಹಿಡಿಯುವ ಸಮಯ ಮಾತ್ರ ಏರುತ್ತ ಹೋಯಿತು. ಹತ್ತರಲ್ಲಿ ಮೂರು ತಿರಸ್ಕೃತವಾಗಿ ವಾಪಸ್ ಬರುತ್ತಿದ್ದವು.

ಆ ವರ್ಷದ ಜನವರಿಯಲ್ಲಿ ಯಂತ್ರೋಪಕರಣಗಳ ದೊಡ್ಡ ಪ್ರದರ್ಶನವಾದ ಇಮ್ಟೆಕ್ಸ್ ಇತ್ತು. ತುಮಕೂರು ರಸ್ತೆಯ ಮಾದಾವರದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ ನಮಗೆ ಮನೆಯ ಹಿತ್ತಲಿದ್ದ ಹಾಗೆ. ಪ್ರದರ್ಶನದ ಹಿಂದಿನ ದಿನ ಅಲ್ಲೇ ಒಂದು ತಾಂತ್ರಿಕ ವಿಚಾರ ಸಂಕಿರಣ ಇರುತ್ತದೆ. ಅಲ್ಲಿಯವರೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಆ ವರ್ಷ ಹೋದೆ. ಊಟಕ್ಕೆ ಮುಂಚೆ ಒಬ್ಬ ಯುವ ಸಂಶೋಧಕ ಚ್ಯಾಟರ್ ಬಗ್ಗೆ ಮಾತಾಡಿದ. ಚ್ಯಾಟರ್ ಎಂದರೆ ಕಟ್ಟರ್‌ನ ಒಂದು ಹಲ್ಲು ಬಿಟ್ಟುಹೋದ ಅಲೆಯನ್ನು ಮುಂದಿನ ಹಲ್ಲು ಬಂದು ಕೊಯ್ಯುವಾಗ, ಆ ಅಲೆ ಆರುವ ಬದಲು ಬೆಳೆಯುತ್ತ ಹೋಗುವುದು. ಹಲ್ಲುಗಳ ಬಡಿತ ಗೋಡೆಯ ಸ್ವಂತ ಕಂಪನಕ್ಕೆ ತಾಳ ಕೂಡಿದರೆ ಅಲೆ ಬೆಳೆಯುವುದಕ್ಕೆ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಕೆಲವು ಸಲ ವೇಗ ಇಳಿಸಬಾರದು, ಏರಿಸಬೇಕು ಎಂದ. ಏರಿಸಬೇಕು ಎಂಬ ಆ ಒಂದು ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡೇ ಅವನ ಪಕ್ಕಕ್ಕೆ ಹೋಗಿ ಮೊಬೈಲಿನಲ್ಲಿದ್ದ ನಮ್ಮ ಯಂತ್ರದ ವಿಡಿಯೊ ತೋರಿಸಿದೆ. ಅವನು ಚಿತ್ರ ನೋಡಲಿಲ್ಲ, ಸದ್ದು ಮಾತ್ರ ಕೇಳಿಸಿಕೊಂಡ. ತನ್ನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಂಡು, ಸುಮಾರು 450 ಹರ್ಟ್ಸ್ ಎಂದ. ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಬರೆದ. ಮೂರು ಹಲ್ಲಿನ ಕಟ್ಟರ್. ನಿಮಿಷಕ್ಕೆ 9000 ಸುತ್ತು ಎಂದರೆ ಸೆಕೆಂಡಿಗೆ 150 ಸುತ್ತು. ಮೂರು ಹಲ್ಲಿಗೆ 450 ಬಡಿತ. "ಸರ್, ನಿಮ್ಮ ಸ್ಪಿಂಡಲ್ 9000 ಓಡುತ್ತದೆಯೇ?" ಎಂದು ಕೇಳಿದ. ಸ್ಪಿಂಡಲ್ ಎಂದರೆ ಕಟ್ಟರನ್ನು ತಿರುಗಿಸುವ ದಂಡ. 10000 ಓಡುತ್ತದೆ, ಆದರೆ 6000 ದಾಟಿಸುವ ಧೈರ್ಯ ನಾವು ಯಾವತ್ತೂ ಮಾಡಿರಲಿಲ್ಲ. ಸಂಜೆ ಆರು ಗಂಟೆಗೆ ಅವನನ್ನು ನನ್ನ ಗಾಡಿಯಲ್ಲೇ ಶೆಡ್ಡಿಗೆ ಕರೆದುಕೊಂಡು ಬಂದೆ. ಸ್ವಲ್ಪ ಹಿಂದೆಮುಂದೆ ಮಾಡಿ ನೋಡಿದ ಮೇಲೆ, 9000ದ ಆಸುಪಾಸಿನಲ್ಲಿ ಕಿರುಚಾಟ ನಿಂತಿತು. ನಮ್ಮ ಆಪರೇಟರ್ ಆ ಗೋಡೆಯ ಮೇಲೆ ಉಗುರು ಆಡಿಸಿ ನೋಡಿದ, ಏನೂ ತಡೆಯಲಿಲ್ಲ. ಮರುದಿನ ನಾವು ಮೂವರೂ ಪ್ರದರ್ಶನಕ್ಕೆ ಹೋಗಿ, ಇಂಥ ಜಾಬ್‌ಗೆ ಕಟ್ಟರನ್ನು ಹಿಡಿದಿಡುವ ಎಂಥ ಟೂಲ್ ಹೋಲ್ಡರ್ ಸರಿ ಎಂದು ನಾಲ್ಕು ಸ್ಟಾಲ್‌ಗಳಲ್ಲಿ ವಿಚಾರಿಸಿದೆವು. ಅಂದು ನಾನು ಕೇಳಿದ ಪ್ರಶ್ನೆಗಳು ಹಿಂದಿನ ಯಾವ ಪ್ರದರ್ಶನದಲ್ಲೂ ನನ್ನ ಬಾಯಲ್ಲಿ ಬಂದಿರಲಿಲ್ಲ. ಸ್ಟಾಲಿನವರು ಬ್ರೋಷರ್ ಪಕ್ಕಕ್ಕಿಟ್ಟು ತಮ್ಮ ಎಂಜಿನಿಯರನ್ನು ಕರೆದರು.

ಇದು ನಡೆದದ್ದು ಸಂಕಿರಣ ಹಿಂದಿನ ದಿನ ಇತ್ತು ಎಂಬ ಒಂದೇ ಕಾರಣಕ್ಕೆ. ಬೇರೊಂದು ಊರಿನ ಪ್ರದರ್ಶನದಲ್ಲಿ ಇದರ ತದ್ವಿರುದ್ಧವನ್ನೂ ಕಂಡಿದ್ದೇನೆ. ಅಲ್ಲಿ ಎರಡನ್ನೂ ಒಂದೇ ವೇಳೆಗೆ ಇಟ್ಟಿದ್ದರು. ಮೇಲಿನ ಮಹಡಿಯಲ್ಲಿ ಗೋಷ್ಠಿ, ಕೆಳಗೆ ಯಂತ್ರಗಳು. ಹತ್ತು ಗಂಟೆಗೆ ಅರವತ್ತು ಜನ ಇದ್ದ ಸಭಾಂಗಣದಲ್ಲಿ, ಕೆಳಗೆ ಪ್ರಾತ್ಯಕ್ಷಿಕೆಗಳು ಶುರುವಾದ ಮೇಲೆ ಹನ್ನೊಂದು ಜನ ಉಳಿದರು. ಎಣಿಸಿದ್ದೇನೆ. ಮೂರು ವರ್ಷ ಪ್ರಯೋಗಾಲಯದಲ್ಲಿ ದುಡಿದು ಬಂದ ವಿದ್ಯಾರ್ಥಿನಿಯೊಬ್ಬಳು ಖಾಲಿ ಕುರ್ಚಿಗಳಿಗೆ ತನ್ನ ಪ್ರಬಂಧ ಓದಿದಳು. ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತಾಡಿದವರಲ್ಲಿ ಹೆಚ್ಚಿನವರು ಸ್ಟಾಲ್ ಬಾಡಿಗೆಗೆ ಪಡೆದ ಕಂಪನಿಗಳವರೇ. ತಮ್ಮ ಕ್ಯಾಟಲಾಗನ್ನೇ ಪರದೆಯ ಮೇಲೆ ಓದಿ ಹೇಳಿದರು. ಆ ಹುಡುಗಿಯ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಏರೋ ಇಂಡಿಯಾದವರಿಗೆ ಈ ಸೂಕ್ಷ್ಮ ಗೊತ್ತಿದೆ. 1996ರಿಂದ ಯಲಹಂಕದಲ್ಲಿ ನಡೆಯುತ್ತ ಬಂದಿರುವ ಆ ಪ್ರದರ್ಶನಕ್ಕೂ ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ಇದೆ, ಅದನ್ನು ವಿಮಾನಗಳು ಹಾರುವ ದಿನಗಳಿಗೆ ಮೊದಲೇ ನಡೆಸುತ್ತಾರೆ. ತಲೆಯ ಮೇಲೆ ಯುದ್ಧವಿಮಾನ ಹೋಗುತ್ತಿದ್ದರೆ ಯಾವ ವಿದ್ವಾಂಸನ ಮಾತು ತಾನೇ ಕಿವಿಗೆ ಬಿದ್ದೀತು?

ಇನ್ನು ನನಗೆ ಬಹುಕಾಲದಿಂದ ಕೊರೆಯುತ್ತಿರುವ ವಿಷಯ. ನಮ್ಮ ಕ್ಷೇತ್ರದ ದೊಡ್ಡ ವಿದ್ವತ್ ಸಮ್ಮೇಳನವೆಂದರೆ ಎಐಎಂಟಿಡಿಆರ್. 1967ರಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಇಮ್ಟೆಕ್ಸ್ ಶುರುವಾದದ್ದು 1969ರಲ್ಲಿ, ಮುಂಬೈಯಲ್ಲಿ. ವಯಸ್ಸಿನಲ್ಲಿ ಎರಡೇ ವರ್ಷ ವ್ಯತ್ಯಾಸವಿರುವ ಅಣ್ಣತಮ್ಮಂದಿರು, ಬೇರೆ ಬೇರೆ ಮನೆ ಮಾಡಿಕೊಂಡು ಬೆಳೆದರು. 2018ರ ಡಿಸೆಂಬರಿನಲ್ಲಿ ಎಐಎಂಟಿಡಿಆರ್ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ನಡೆಯಿತು. 2019ರ ಜನವರಿ 24ರಿಂದ 30ರವರೆಗೆ ಇಮ್ಟೆಕ್ಸ್ ಬೆಂಗಳೂರಿನಲ್ಲಿ ನಡೆಯಿತು. ನಡುವೆ ಇದ್ದದ್ದು ಆರು ವಾರ, ಸುಮಾರು 350 ಕಿಲೋಮೀಟರ್ ದಾರಿ. ಲೋಹ ಕೊಯ್ಯುವುದರ ಬಗ್ಗೆ ಜೀವಮಾನವಿಡೀ ಯೋಚಿಸಿದವರು ಅಲ್ಲಿ, ದಿನವಿಡೀ ಲೋಹ ಕೊಯ್ಯುವವರು ಇಲ್ಲಿ. ನಮ್ಮ ಗುಂಪಿನಲ್ಲಿ ಒಬ್ಬರೂ ಚೆನ್ನೈಗೆ ಹೋಗಿರಲಿಲ್ಲ. ಒಂದು ವರ್ಷವಾದರೂ ಆ ಸಮ್ಮೇಳನ ಬೆಂಗಳೂರಿಗೆ ಬಂದು, ಪ್ರದರ್ಶನದ ಹಿಂದಿನ ಎರಡು ದಿನ ನಡೆಯಲಿ ಎಂಬುದು ನನ್ನ ಆಸೆ. 1962ರಲ್ಲಿ ಶುರುವಾದ ಸಿಎಂಟಿಐ, ಅಂದರೆ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಇದೇ ತುಮಕೂರು ರಸ್ತೆಯಲ್ಲಿದೆ, ಊರಲ್ಲಿ ಟಾಟಾ ವಿಜ್ಞಾನ ಸಂಸ್ಥೆಯೂ ಇದೆ. ಎಚ್‌ಎಂಟಿ ಬೆಳೆಸಿದ ಊರು ಇದು. ಇಲ್ಲಿ ಆಗದಿದ್ದರೆ ಇನ್ನೆಲ್ಲಿ?

ಅಡ್ಡಿಗಳಿಲ್ಲವೆಂದಲ್ಲ. ದೊಡ್ಡ ಪ್ರದರ್ಶನ ಬಂದರೆ ಹೋಟೆಲ್ ಬಾಡಿಗೆ ಗಗನಕ್ಕೇರುತ್ತದೆ. ಕಂಪನಿಯ ಖರ್ಚಿನಲ್ಲಿ ಬಂದವರಿಗೆ ಅದು ಲೆಕ್ಕಕ್ಕಿಲ್ಲ, ಕಲಬುರಗಿಯಿಂದಲೋ ಸುರತ್ಕಲ್‌ನಿಂದಲೋ ಬರುವ ಸಂಶೋಧನಾ ವಿದ್ಯಾರ್ಥಿಗೆ ಅದೇ ದೊಡ್ಡ ಲೆಕ್ಕ. ಹಾಸ್ಟೆಲ್‌ಗಳಲ್ಲಿ ಇಳಿಸಿಕೊಳ್ಳಲು ಊರಿನ ಕಾಲೇಜುಗಳನ್ನು ಮೊದಲೇ ಕೇಳಬೇಕು. ಮೆಟ್ರೊ ಈಗ ಮಾದಾವರದವರೆಗೆ ಬಂದಿದೆ, ಊರಿನ ಯಾವ ಮೂಲೆಯಲ್ಲಿ ಇಳಿದುಕೊಂಡರೂ ತಲುಪಬಹುದು. ಸೆಮಿಸ್ಟರ್ ಪರೀಕ್ಷೆಗಳು ಜನವರಿಗೆ ಬೀಳುವುದುಂಟು, ಅದನ್ನು ವಿಶ್ವವಿದ್ಯಾಲಯಗಳ ಜೊತೆ ಕೂತು ಬಗೆಹರಿಸಬೇಕು.

ಹಣದ ವಿಷಯ ಮಾತ್ರ ಬಿಗಿಯಾಗಿ ಹಿಡಿಯಬೇಕಾದದ್ದು. ಸ್ಟಾಲ್ ಬಾಡಿಗೆಯಿಂದ ಸಮ್ಮೇಳನದ ಖರ್ಚು ನಡೆದರೆ ನನ್ನದೇನೂ ತಕರಾರಿಲ್ಲ, ಅದು ಒಳ್ಳೆಯದೇ. ಆದರೆ ಯಾರು ಮಾತಾಡಬೇಕು ಎಂದು ತೀರ್ಮಾನಿಸುವ ಸಮಿತಿಗೆ ಯಾರು ಎಷ್ಟು ಚದರ ಮೀಟರ್ ಬಾಡಿಗೆಗೆ ಪಡೆದಿದ್ದಾರೆ ಎಂಬುದು ಗೊತ್ತೇ ಇರಬಾರದು. ಮಾತಾಡುವ ವೇಳೆಯನ್ನು ಮಾರಿದ ದಿನ ಅದು ಸಮ್ಮೇಳನವಲ್ಲ, ಜಾಹೀರಾತು.

ಇನ್ನೊಂದು ಬೇಡಿಕೆ ನಮ್ಮವರ ಪರವಾಗಿ. ಪ್ರತಿ ಸಮ್ಮೇಳನದಲ್ಲೂ ಅರ್ಧ ದಿನ ಒಂದು ಉದ್ದನೆಯ ಮೇಜು ಹಾಕಲಿ. ಕೆಟ್ಟುಹೋದ ಜಾಬ್‌ಗಳನ್ನು ನಾವು ಅಲ್ಲಿ ತಂದಿಡುತ್ತೇವೆ. ಗೆರೆ ಬಿದ್ದದ್ದು, ಸೊಟ್ಟಗಾದದ್ದು, ಬಿರುಕು ಬಿಟ್ಟದ್ದು, ಅಳತೆ ತಪ್ಪಿದ್ದು. ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಬಂದು ಕೈಯಲ್ಲಿ ಹಿಡಿದು ನೋಡಲಿ. ಇಂಗ್ಲಿಷಿನಲ್ಲಿ ಪ್ರಬಂಧ ಕೇಳಲು ಅಳುಕುವ ನಮ್ಮ ಆಪರೇಟರ್‌ಗಳು ಅಲ್ಲಿ ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಬಾಯಿಬಿಟ್ಟು ಮಾತಾಡುತ್ತಾರೆ. ನನ್ನ ಶೆಡ್ಡಿನ ಆ ಸಂಜೆ ಆ ಸಂಶೋಧಕ, ನಮ್ಮ ಆಪರೇಟರ್ ಇಬ್ಬರೂ ಮಾತಾಡಿದ್ದು ಕನ್ನಡದಲ್ಲೇ, ಲೆಕ್ಕ ನ್ಯಾಪ್ಕಿನ್ ಮೇಲಿತ್ತು.

ಸಂಘಟಕರಿಗೆ ಒಂದು ಪತ್ರದ ಕರಡು ಮಾಡಿದ್ದೇನೆ. ಮುಂದಿನ ಶನಿವಾರ ತರುತ್ತೇನೆ. ಪೀಣ್ಯದವರು ಮಾತ್ರವಲ್ಲ, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗದ ಕಾರ್ಖಾನೆಯವರೂ ಸಹಿ ಹಾಕಲು ಒಪ್ಪುವುದಾದರೆ ಇಲ್ಲಿ ತಿಳಿಸಿ. ಜೊತೆಗೆ ನಿಮಗೆ ತೊಂದರೆ ಕೊಡುತ್ತಿರುವ ಒಂದು ಜಾಬ್‌ನ ಫೋಟೊ ಹಾಕಿ, ಏನು ಪ್ರಯತ್ನ ಮಾಡಿದಿರಿ ಎಂದು ಎರಡು ಸಾಲು ಬರೆಯಿರಿ. ಅವನ್ನೆಲ್ಲ ಪತ್ರದ ಹಿಂದೆ ಲಗತ್ತಿಸುತ್ತೇನೆ.