ಮುಂದಿನ ಹಲ್ಲು, ಹಿಂದಿನ ಹಲ್ಲು

ನನ್ನ ಮಗನಿಗೆ ಏಳು ವರ್ಷ. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಬಿದ್ದಿವೆ. ನನ್ನ ಅಪ್ಪನಿಗೆ ಎಪ್ಪತ್ತೆಂಟು. ಕೆಳಗಿನ ಸಾಲಿನ 14 ಹಲ್ಲೂ ಕಟ್ಟಿಸಿದ್ದು. ಮಗನ ಬೈಕಿಗೆ ಮುಂದೆ 14 ಹಲ್ಲು, ಹಿಂದೆ 54. ಕಳೆದ ಫೆಬ್ರವರಿ ಪೂರ್ತಿ ನಾನು ಹಲ್ಲುಗಳ ಲೆಕ್ಕದಲ್ಲೇ ಇದ್ದೆ. ಆ ತಿಂಗಳಲ್ಲಿ ಮಗನಿಗೆ ಒಂದು ಹಲ್ಲು ಅರ್ಧ ಬಂತು. ಉಳಿದಿಬ್ಬರ ಕೆಲಸ ನನ್ನ ಪಾಲಿಗೆ ಬಂತು.

ಬೈಕ್ ಕೊಡಿಸಿದ್ದು ನಾನಲ್ಲ, ಬೆಂಗಳೂರಿನ ಭಾಮೈದ. "ಇಷ್ಟು ತೋಟ ಇಟ್ಕೊಂಡು ಹುಡುಗನ್ನ ಮೊಬೈಲ್ ಮುಂದೆ ಕೂರಿಸಿದ್ದೀರಲ್ಲ ಭಾವ" ಎಂದು ಕಾರಿನ ಡಿಕ್ಕಿಯಿಂದ ಅದನ್ನು ಇಳಿಸಿದ. ಕಡುಬು, ಕೋಳಿ ಸಾರು ಊಟ ಮಾಡಿದ. ಸಂಜೆಗೆ ವಾಪಸ್ ಹೊರಟುಹೋದ. ಬೆಂಕಿಪೆಟ್ಟಿಗೆ ಕೊಟ್ಟು ಹೋಗುವವರೆಲ್ಲ ಹೀಗೇ, ಹೊತ್ತಿಕೊಳ್ಳುವ ಹೊತ್ತಿಗೆ ಇರುವುದಿಲ್ಲ.

49 ಸಿಸಿ, ಟೂ ಸ್ಟ್ರೋಕ್, ಚೈನಾ ಮಾಲು. ಕಿಕ್ಕರ್ ಇಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಬದಲಾಯಿಸುವ ಗೇರಿಲ್ಲ, ಕ್ಲಚ್ ಹಿಡಿಯುವ ಲಿವರಿಲ್ಲ. ಒಂದು ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟೂ-ಟಿ ಆಯಿಲ್ ಬೆರೆಸಿ ಹಾಕಬೇಕು. ಅಪ್ಪ ಬಗ್ಗಿ ಒಂದು ಸುತ್ತು ನೋಡಿ, "ನಮ್ಮ ಕಳೆ ಹೊಡೆಯೋ ಮಿಷನ್ನಿಗೇ ಎರಡು ಚಕ್ರ ಹಾಕಿದ್ದಾರೆ ಕಣೋ" ಎಂದರು. ಅವರು ಹೇಳಿದ್ದು ತಮಾಷೆಗೆ. ಬಿಚ್ಚಿ ನೋಡಿದ ಮೇಲೆ ಗೊತ್ತಾಯಿತು, ಮಾತು ಹೆಚ್ಚುಕಮ್ಮಿ ನಿಜ.

ನಂಬರ್ ಪ್ಲೇಟಿಲ್ಲ, ಲೈಟಿಲ್ಲ. ರಸ್ತೆಗೆ ಇಳಿಸುವ ಗಾಡಿಯೇ ಅಲ್ಲ. ಗೇಟು ದಾಟಿದರೆ ಬೈಕು ಬೆಂಗಳೂರಿಗೆ, ಹೆಲ್ಮೆಟ್ಟಿಲ್ಲದೆ ಹತ್ತಿದರೆ ಗುಜರಿಗೆ. ಇದು ನನ್ನ ಹೆಂಡತಿ ಮಾಡಿದ ಕಾನೂನು. ತಿದ್ದುಪಡಿಗೆ ಅವಕಾಶವಿಲ್ಲ.

ಈಗ ಭೂಗೋಳ. ನಮ್ಮದು ಆಲ್ದೂರಿನ ಹತ್ತಿರ ಸಣ್ಣ ತೋಟ. ಈ ಕಡೆ ಸಮತಟ್ಟು ಜಾಗ ಅಂತ ಇದ್ದರೆ ಅದು ಕಾಫಿ ಒಣಗಿಸುವ ಕಣ ಮಾತ್ರ. ಉಳಿದಿದ್ದೆಲ್ಲ ಒಂದೋ ಏರು, ಇಲ್ಲ ಇಳಿಜಾರು. ಕಣ ಕೆಳಗಿದೆ, ಮನೆ ಮೇಲಿದೆ. ನಡುವೆ ಅರವತ್ತು ಹೆಜ್ಜೆಯ ಮಣ್ಣಿನ ಏರು. ಮಗ ಕಣದ ಅಂಚಿನಲ್ಲಿ ಚೆನ್ನಾಗಿ ಸುತ್ತುತ್ತಿದ್ದ. ನಮ್ಮ ನಾಯಿ ಜಿಮ್ಮಿ ಬೊಗಳುತ್ತಾ ಹಿಂದೆ ಓಡುತ್ತಿತ್ತು, ಸುಮಾರು ಹತ್ತಡಿ ಅಂತರದಲ್ಲಿ. ಆದರೆ ಊಟಕ್ಕೆ ಕರೆದರೆ ಏರು ಹತ್ತಬೇಕಲ್ಲ? ಅರ್ಧಕ್ಕೆ ಬರುವಷ್ಟರಲ್ಲಿ ಇಂಜಿನ್ ಕಿರುಚುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಮಗ ಇಳಿದು ತಳ್ಳುತ್ತಿದ್ದ. ಜಿಮ್ಮಿ ಮೇಲೆ ಹೋಗಿ ಕೂತು ನೋಡುತ್ತಿತ್ತು.

ತಪ್ಪು ಪೂರ್ತಿ ಬೈಕಿನದೂ ಅಲ್ಲ. ಚಿಕ್ಕಮಗಳೂರು ಸೀಮೆ ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿದೆ. ಗಾಳಿ ತೆಳು. ಇಷ್ಟು ಎತ್ತರದಲ್ಲಿ ಕಾರ್ಬುರೇಟರ್ ಇಂಜಿನ್ನಿನ ಶಕ್ತಿ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ದೊಡ್ಡ ಗಾಡಿಗೆ ಅದು ಲೆಕ್ಕಕ್ಕಿಲ್ಲ. 49 ಸಿಸಿಯಲ್ಲಿ ಹತ್ತು ಪರ್ಸೆಂಟ್ ಹೋದರೆ ಉಳಿಯುವುದು ಬರೀ ಶಬ್ದ.

ಚಿಕ್ಕಮಗಳೂರಿನಲ್ಲಿ ಇನ್ನೊಂದು ತೊಂದರೆ ಇದೆ. ಇದು ಮೋಟಾರ್ ರ‍್ಯಾಲಿಗಳ ಊರು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಜೀಪು ಕಾರುಗಳು ಧೂಳೆಬ್ಬಿಸಿ ಹಾರುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಇಲ್ಲಿ ಪ್ರತಿಯೊಬ್ಬನೂ ಅರ್ಧ ಮೆಕ್ಯಾನಿಕ್. ಹಾಲು ತಗೊಂಡು ಹೋಗಲು ಬಂದವರು, ಮೆಣಸು ಕೊಯ್ಯಲು ಬಂದವರು, ಮದುವೆ ಕರೆಯಲು ಬಂದವರು, ಎಲ್ಲರೂ ಒಂದೇ ಮಾತು ಹೇಳಿದರು: "ಸ್ಪ್ರಾಕೆಟ್ ಚೇಂಜ್ ಮಾಡು." ಸ್ಪ್ರಾಕೆಟ್ ಎಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಯಾವುದಕ್ಕೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅರ್ಧ ಮೆಕ್ಯಾನಿಕ್ ನಾನೂ ಅಲ್ವಾ?

ನಾನು ಓದಿದ್ದು ಬಿ.ಕಾಂ. ನಮ್ಮಲ್ಲಿ ದೊಡ್ಡ ಸಂಖ್ಯೆ ಎಂದರೆ ಒಳ್ಳೆಯ ಸಂಖ್ಯೆ. ಮುಂದೆ 14 ಹಲ್ಲಿದ್ದಾಗ ಅರ್ಧ ಏರು ಹತ್ತಿದರೆ, 17 ಹಾಕಿದರೆ ಪೂರ್ತಿ ಹತ್ತಬೇಕು. ಜಾಸ್ತಿ ಹಲ್ಲು, ಜಾಸ್ತಿ ಕಚ್ಚು. ಇಷ್ಟು ಸರಳ ಲೆಕ್ಕ ಯಾರಿಗೂ ಹೊಳೆದಿಲ್ಲವಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಚೈನ್ ಬಿಚ್ಚಿ ಅದರದೊಂದು ತುಂಡನ್ನು ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಚಿಕ್ಕಮಗಳೂರಿಗೆ ಹೊರಟೆ. ಗೇಟಿನ ಹತ್ತಿರ ಅಪ್ಪ ಇನ್ನೊಂದು ಪೇಪರ್ ಪೊಟ್ಟಣ ಕೊಟ್ಟರು. ಕೆಳಗಿನ ಸೆಟ್ಟು ಸಡಿಲವಾಗಿ ಎರಡು ತಿಂಗಳಾಗಿತ್ತು. ಡಾಕ್ಟರ ಹತ್ತಿರ ಕೊಟ್ಟು ಸರಿ ಮಾಡಿಸಿಕೊಂಡು ಬಾ ಎಂದರು. ಅದೂ ಅದೇ ಜೇಬಿಗೆ ಹೋಯಿತು.

ಹನುಮಂತಪ್ಪ ಸರ್ಕಲ್ಲಿನ ಆಚೀಚೆ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಿದೆ. ಮೂರನೇ ಅಂಗಡಿಯಲ್ಲಿ ರಶ್ಶು. ಪೊಟ್ಟಣ ಕೌಂಟರ್ ಮೇಲಿಟ್ಟು, "ಇದರಲ್ಲಿ 17 ಹಲ್ಲಿಂದು ಸಿಗುತ್ತಾ?" ಎಂದೆ. ಅಂಗಡಿಯವರು ಪೇಪರ್ ಬಿಡಿಸಿದರು. ಒಂದು ಕ್ಷಣ ನೋಡಿದರು. ಮತ್ತೆ ಅಷ್ಟೇ ಮರ್ಯಾದೆಯಿಂದ ಮಡಿಸಿದರು.

"ಸರ್, ಈ ಸೆಟ್ಟು ನಮ್ಮಲ್ಲಿ ಬರಲ್ಲ. ಎದುರುಗಡೆ ಮಹಡಿ ಮೇಲೆ ಒಬ್ಬರು ಡಾಕ್ಟರಿದ್ದಾರೆ."

ಪಕ್ಕದಲ್ಲಿ ಬ್ರೇಕ್ ಶೂ ಕೊಳ್ಳುತ್ತಿದ್ದವನು ಹಿಂದೆ ತಿರುಗಿ ನಿಂತುಕೊಂಡ. ಅವನ ಬೆನ್ನು ಅಲುಗುತ್ತಿತ್ತು.

ಸರಿಯಾದ ಪೊಟ್ಟಣ ಕೊಟ್ಟೆ. ಅವರು ಆ ಚೈನ್ ತುಂಡನ್ನು ಸ್ಪ್ಲೆಂಡರ್ ಚೈನಿನ ಪಕ್ಕಕ್ಕಿಟ್ಟರು. ಸ್ಪ್ಲೆಂಡರ್ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಸೈಕಲ್ ಚೈನಿಗೂ ಅಷ್ಟೇ. ಇದರಲ್ಲಿ ಬರೀ ಎಂಟು. ಅದರ ಮುಂದೆ ಇದು ತೊಟ್ಟಿಲಿನ ಸರಪಳಿಯ ಹಾಗೆ ಕಾಣುತ್ತಿತ್ತು.

"ಇದು ಚೈನಾ?" ಎಂದು ಕೇಳಿದರು.

"ಹೌದು, ಚೈನಾ" ಎಂದೆ.

ಅವರು ಕೇಳಿದ್ದು ಇದೂ ಒಂದು ಚೈನೇ ಅಂತ. ನಾನು ಹೇಳಿದ್ದು ದೇಶದ ಹೆಸರು. ಎರಡಕ್ಕೂ ಒಂದೇ ಉತ್ತರ ಸರಿಹೋಗಿದ್ದರಿಂದ ವ್ಯವಹಾರ ಅಲ್ಲಿಗೇ ಮುಗಿಯಿತು. ಮಹಡಿ ಹತ್ತುವಷ್ಟರಲ್ಲಿ ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದರು. ಎರಡು ಪೊಟ್ಟಣವನ್ನೂ ಹಾಗೇ ವಾಪಸ್ ತಂದೆ. ಅಪ್ಪ ಆ ರಾತ್ರಿಯೂ ಅಕ್ಕಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು, ನನ್ನನ್ನೇ ನೋಡುತ್ತಾ.

ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯ ನಂಬರ್ ಸಿಕ್ಕಿತು. ಫೋನಿನಲ್ಲಿ ಆ ಕಡೆಯವರು ಮೊದಲು ಕೇಳಿದ್ದೇ, "ಸ್ಪೀಡಿಗಾ, ಪಿಕಪ್ಪಿಗಾ?"

"ಎರಡಕ್ಕೂ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "11, 14, 17 ಇದೆ ಸರ್. ಯಾವುದು ಕಳಿಸ್ಲಿ?"

ದೊಡ್ಡದನ್ನೇ ಕಳಿಸಿ ಎಂದೆ. ಏನು ಅನ್ನಿಸಿತೋ, "ಸುಮ್ನೆ 11ರದ್ದೂ ಒಂದು ಹಾಕಿರ್ತೀನಿ, ಬೇಕಾಗುತ್ತೆ" ಎಂದರು. ವ್ಯಾಪಾರದ ಬುದ್ಧಿ ಎಂದುಕೊಂಡೆ. ಮೂರನೇ ದಿನ ಬಸ್ಸಿನಲ್ಲಿ ಪಾರ್ಸೆಲ್ ಬಂತು.

ಭಾನುವಾರ ಬೆಳಿಗ್ಗೆ ಕಣದ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂತೆ. ಮುಂದಿನ ಸ್ಪ್ರಾಕೆಟ್ ಎಂದರೆ ನಾಲ್ಕಾಣೆ ಬಿಲ್ಲೆಯ ಎರಡರಷ್ಟು ಅಗಲ, ಅಷ್ಟೆ. ಅದು ಕಳಚದ ಹಾಗೆ ಶಾಫ್ಟಿನ ಮೇಲೆ ಒಂದು ಸರ್ಕ್ಲಿಪ್ ಇರುತ್ತದೆ. ಬಾಯಿ ತೆರೆದ ಉಂಗುರ, ಎರಡು ತುದಿಯಲ್ಲಿ ಎರಡು ಸಣ್ಣ ತೂತು. ಇದನ್ನು ತೆಗೆಯುವುದಕ್ಕೇ ಒಂದು ಪ್ಲೈಯರ್ ಬರುತ್ತದೆ. ನನ್ನ ಹತ್ತಿರ ಇದ್ದಿದ್ದು ನೋಸ್ ಪ್ಲೈಯರ್. ಮೂತಿ ತೂತಿಗೆ ಹೋಗಲಿಲ್ಲ. ಪಕ್ಕದಿಂದ ಹಿಡಿದು ಅಗಲಿಸಿದೆ. ಇನ್ನೊಂದು ಚೂರು ಅಗಲಿಸಿದೆ. "ಟಪ್" ಎಂದಿತು. ಉಂಗುರ ನನ್ನ ಕಿವಿಯ ಪಕ್ಕದಿಂದ ಹಾರಿ ಕಾಫಿಯೊಳಗೆ ಬಿತ್ತು.

ಕಣದ ತುಂಬ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು. ಹನ್ನೆರಡು ದಿನ ಬಿಸಿಲುಂಡು ಕರ‍್ರಗೆ ಮಿರುಗುತ್ತಿತ್ತು. ಸರ್ಕ್ಲಿಪ್ಪೂ ಕಪ್ಪು, ಅದೇ ಗಾತ್ರ, ಅದೇ ಮಿರುಗು. ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿದ್ದರೆ ಬಿಳಿಯ ಮೇಲೆ ಕರಿ ಕಾಣಿಸುತ್ತಿತ್ತು. ನಮ್ಮ ಅದೃಷ್ಟಕ್ಕೆ ರೊಬಸ್ಟಾ.

ಹಳೇ ಸ್ಪೀಕರಿನ ಅಯಸ್ಕಾಂತ ಬಿಚ್ಚಿ ಹಗ್ಗಕ್ಕೆ ಕಟ್ಟಿ ಕಣದ ಮೇಲೆ ಎಳೆದಾಡಿದೆ. ಮೊಳೆ ಮೂರು, ಒಂದು ವಾಷರ್, ಒಂದು ಸೇಫ್ಟಿ ಪಿನ್, ಟಾರ್ಪಾಲಿನ ಕೊಕ್ಕೆ ಸಿಕ್ಕವು. ಮಗ ಒಂದೊಂದಕ್ಕೂ ಚಪ್ಪಾಳೆ ಹೊಡೆದ. ಒಂದು ಗಂಟೆ ಕಳೆಯಿತು. ಕಾಫಿ ಕೆದರಲು ಬಂದ ಅಜ್ಜಿ ನನ್ನನ್ನು ನೋಡಿ, "ಏನಯ್ಯಾ, ನಾಯಿ ಬದಲು ಕಲ್ಲು ಕಟ್ಕೊಂಡು ತಿರುಗಿಸ್ತಿದ್ದೀರ?" ಎಂದಳು. ವಿಷಯ ಹೇಳಿದೆ. ಅವಳು ಏನೂ ಹೇಳದೆ ಕೆದರುವ ಹಲಗೆ ಎಳೆಯತೊಡಗಿದಳು, ಕಿವಿ ಒಂದು ಕಡೆ ಓರೆ ಮಾಡಿ. ನಾಲ್ಕನೇ ಸಾಲಿನಲ್ಲಿ ಸಿಮೆಂಟಿನ ಮೇಲೆ "ಟಿಣ್" ಎಂದಿತು. ಬಗ್ಗಿ ಎತ್ತಿ ನನ್ನ ಅಂಗೈಯಲ್ಲಿಟ್ಟಳು. "ಕಾಫಿ ಹಾಗೆ ಸದ್ದು ಮಾಡಲ್ಲ" ಎಂದಳು.

17 ಹಲ್ಲಿನದು ಕೂತಿತು. ಮುಂದೆ ದೊಡ್ಡದಾಗಿದ್ದಕ್ಕೆ ಚೈನ್ ಗಿಡ್ಡವಾಗಿ, ಹಿಂದಿನ ಚಕ್ರವನ್ನು ಆರು ಮಿಲಿಮೀಟರ್ ಮುಂದೆ ತಳ್ಳಬೇಕಾಯಿತು. ಮಗ ಹೆಲ್ಮೆಟ್ ಹಾಕಿಕೊಂಡ. ಮೊದಲು ಕಣದ ಸುತ್ತ. ಬೈಕ್ ಹೊರಡುವಾಗ ಸ್ವಲ್ಪ ಮುನಿಸು ತೋರಿಸಿತು, ಆಮೇಲೆ ಹೋಯಿತು ನೋಡಿ! ಜಿಮ್ಮಿ ಅರ್ಧ ಸುತ್ತಿಗೇ ನಾಲಿಗೆ ಚಾಚಿ ಕೂತುಬಿಟ್ಟಿತು. ನಾನು ಮೀಸೆ ತಿರುವಿದೆ. ಹೆಂಡತಿ ಮಾತ್ರ, "ಸ್ಪೀಡ್ ಜಾಸ್ತಿ ಮಾಡ್ತೀನಿ ಅಂತ ನೀವು ಹೇಳಿರ್ಲಿಲ್ಲ" ಎಂದಳು. ಅದು ನಿಜ. ಹೇಳಿರಲಿಲ್ಲ, ಗೊತ್ತೂ ಇರಲಿಲ್ಲ.

ಆಮೇಲೆ ಏರು. ಮೊದಲು ಅರ್ಧ ಹತ್ತುತ್ತಿದ್ದ ಬೈಕ್ ಈಗ ಕಾಲು ಭಾಗಕ್ಕೇ ನಿಂತಿತು. ಇಂಜಿನ್ ಅರಚಾಟ, ಚಕ್ರ ಮೌನ. ಮಗ ಹಠ ಬಿಡದೆ ಆಕ್ಸಿಲರೇಟರ್ ಹಿಡಿದೇ ಇದ್ದ. ಅಡುಗೆಮನೆಯಿಂದ ಅಮ್ಮನ ಕೂಗು: "ಯಾರ್ರೀ ಅದು ಬೀಜ ಹುರೀತಿರೋದು? ಸೀದು ಹೋಯ್ತು!"

ಸೀದಿದ್ದು ಬೀಜವಲ್ಲ, ಕ್ಲಚ್. ಈ ಬೈಕಿನ ಕ್ಲಚ್ ಕೆಲಸ ಮಾಡುವುದು ವೇಗದ ಮೇಲೆ. ಸ್ಪ್ರಿಂಗಿನಲ್ಲಿ ಹಿಡಿದಿಟ್ಟ ಶೂಗಳು ಇಂಜಿನ್ ಜೋರಾದಾಗ ಹೊರಗೆ ಹಾರಿ, ಸುತ್ತಲಿನ ಡ್ರಮ್ಮನ್ನು ಕಚ್ಚಿ ತಿರುಗಿಸುತ್ತವೆ. ಕಳೆ ಮಿಷನ್ನಿನಲ್ಲೂ ಇದೇ. ಭಾರ ಜಾಸ್ತಿಯಾದರೆ ಕಚ್ಚಲಾಗದೆ ಉಜ್ಜುತ್ತವೆ, ಉಜ್ಜಿ ಸುಡುತ್ತವೆ. ದಪ್ಪ ಲಂಟಾನಾಕ್ಕೆ ಬ್ಲೇಡ್ ಸಿಕ್ಕಿಸಿಕೊಂಡಾಗ ಬರುವ ವಾಸನೆ. ಅದು ನನಗೆ ಹತ್ತು ವರ್ಷದಿಂದ ಗೊತ್ತು. ಬೈಕಿನಲ್ಲಿ ಬಂದಾಗ ಗುರುತು ಸಿಗಲಿಲ್ಲ, ಅಷ್ಟೆ.

ಹನ್ನೆರಡು ವರ್ಷದ ಮಗಳು ಅಷ್ಟೊತ್ತೂ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. "ಅಪ್ಪಾ, ನನ್ನ ಗೇರ್ ಸೈಕಲ್ಲಲ್ಲಿ ಏರು ಬಂದ್ರೆ ಮುಂದೆ ಯಾವ ಚಕ್ರ ಹಾಕ್ತೀನಿ?" ಎಂದಳು.

"ಚಿಕ್ಕದು" ಎಂದೆ. ಹೇಳಿ ಮುಗಿಸುವ ಮುಂಚೆಯೇ ಮುಖ ಬಿಸಿಯಾಯಿತು.

ಅವಳು ರಫ್ ನೋಟ್ ತಂದು ಭಾಗಾಕಾರ ಮಾಡಿದಳು. 54 ಭಾಗಿಸು 14, ಬಂತು 3.86. ಅಂದರೆ ಮುಂದಿನದು ಅಷ್ಟು ಸುತ್ತು ಸುತ್ತಿದರೆ ಹಿಂದಿನ ಚಕ್ರ ಒಂದು ಸುತ್ತು. ಈ ಸಂಖ್ಯೆ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಓಟ ಕಮ್ಮಿ. 17 ಹಾಕಿದರೆ 3.18. 11 ಹಾಕಿದರೆ 4.91. "ಏರಿಗೆ ಅಂತ ಇಳಿಜಾರಿನ ಗೇರ್ ಹಾಕಿದ್ದೀಯ" ಎಂದಳು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ನನ್ನ ಬಿ.ಕಾಂ. ಅಂಕಪಟ್ಟಿ ಒಳಗಿನ ಗೋಡೆಯಲ್ಲಿ ಫ್ರೇಮಿನೊಳಗಿದೆ.

ಮಧ್ಯಾಹ್ನ 11ರದ್ದು ಹಾಕಿದೆ. ಈ ಸಲ ಸರ್ಕ್ಲಿಪ್ ತೆಗೆಯುವಾಗ ಅದರ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಚೈನ್ ಈಗ ಜೋತುಬಿತ್ತು. ಮುಂದೆ ತಳ್ಳಿದ್ದ ಚಕ್ರವನ್ನು ಹನ್ನೆರಡು ಮಿಲಿಮೀಟರ್ ಹಿಂದೆ ಎಳೆದೆ. ಅಡ್ಜಸ್ಟರಿನ ಕೊನೆ ಗೆರೆಗೆ ಬಂದು ನಿಂತಿತು.

ಬೈಕ್ ಏರು ಹತ್ತಿತು. ಅರಚಲಿಲ್ಲ, ಸೀಯಲಿಲ್ಲ. ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸಿನ ಹಾಗೆ, ಅವಸರವಿಲ್ಲದೆ, ಎಲ್ಲೂ ನಿಲ್ಲದೆ ಹತ್ತಿತು. ಮೇಲೆ ಹೋಗಿ ಮಗ ಎರಡೂ ಕೈ ಎತ್ತಿದ. ಕೈ ಎತ್ತಿದ್ದರಿಂದ ಆಕ್ಸಿಲರೇಟರ್ ಬಿಟ್ಟು, ಬೈಕ್ ನಿಂತು, ದಾಸವಾಳದ ಬೇಲಿಗೆ ಮೆಲ್ಲಗೆ ಒರಗಿಕೊಂಡ. ಪೆಟ್ಟಾಗಲಿಲ್ಲ. ಅಮ್ಮ ಎಲ್ಲರಿಗೂ ಕಾಫಿ ಮಾಡಿದರು.

ಆಮೇಲೆ ಅವನು ಕಣಕ್ಕೆ ಇಳಿದ.

ಹತ್ತು ನಿಮಿಷಕ್ಕೆ ವಾಪಸ್ ಬಂದ. ಹೆಲ್ಮೆಟ್ಟಿನೊಳಗೆ ಮುಖ ಸಣ್ಣದಾಗಿತ್ತು. "ಅಪ್ಪಾ, ಹಳೇದೇ ಹಾಕು. ಜಿಮ್ಮಿ ನನ್ನ ಓವರ್‌ಟೇಕ್ ಮಾಡ್ತು."

ನಾನೇ ಹೋಗಿ ನೋಡಿದೆ. ನಿಜವೇ. ಬೈಕ್ ಪೂರ್ತಿ ಕಿವಿ ಹಿಂಡಿದರೂ ಅಷ್ಟೇ ಓಟ. ಜಿಮ್ಮಿ ಮುಂದೆ ಓಡುತ್ತಿತ್ತು. ಮೂಲೆಗೆ ಹೋಗಿ ನಿಂತು, ತಿರುಗಿ ನೋಡಿ, ಬೈಕ್ ಹತ್ತಿರ ಬಂದ ಮೇಲೆ ಮತ್ತೆ ಓಡುತ್ತಿತ್ತು. ಬೊಗಳುವುದನ್ನೂ ಬಿಟ್ಟಿತ್ತು. ತನಗಿಂತ ಚಿಕ್ಕವರ ಜೊತೆ ಆಡುವಾಗ ದೊಡ್ಡ ನಾಯಿಗಳು ಹಾಗೇ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದರು ಅಪ್ಪ ಮೇಲಿನಿಂದ. ಬೈಕಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಅವರ ಪೊಟ್ಟಣ ಇನ್ನೂ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಮತ್ತೆ ಜೆ.ಸಿ. ರಸ್ತೆಗೆ ಫೋನ್ ಮಾಡಿದೆ. 11ಕ್ಕೂ 14ಕ್ಕೂ ನಡುವಿನದು ಇದೆಯಾ? ಇಲ್ಲ. ಹಿಂದಿನದಾದರೆ 44 ಹಲ್ಲಿಂದು ಇದೆ. ಮಗಳು ಅಲ್ಲೇ ಲೆಕ್ಕ ಹಾಕಿದಳು: 44 ಭಾಗಿಸು 11, ಸರಿಯಾಗಿ 4. ಮೊದಲು ಇದ್ದಿದ್ದು 3.86. ಒಂದು ತಿಂಗಳು, ಒಂದು ಪಾರ್ಸೆಲ್, ಒಂದು ಕ್ಲಚ್ ಶೂ ಎಲ್ಲ ಸೇರಿ ಇಷ್ಟು ದೂರ ಬಂದೆವು. ಅವಳು ಏನೂ ಹೇಳಲಿಲ್ಲ. ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಳು.

"ಹೇಳಿ ಸರ್" ಎಂದರು ಆ ಕಡೆಯವರು. "ಸ್ಪೀಡಿಗಾ, ಪಿಕಪ್ಪಿಗಾ?"

ಕಿಟಕಿಯಿಂದ ಕಣ ಕಾಣುತ್ತಿತ್ತು. ಜಿಮ್ಮಿ ಮೂಲೆಯಲ್ಲಿ ಕೂತು ಕಾಯುತ್ತಿತ್ತು. ಬೈಕ್ ಇನ್ನೂ ಬಂದಿರಲಿಲ್ಲ.

"ನಾಯಿಗೆ" ಎಂದೆ.