ಎಫ್‌ಯುಇ ಮಾಡಿಸಿದರೆ ಕಲೆ ಉಳಿಯುವುದಿಲ್ಲವೇ? ಸ್ಪಷ್ಟನೆ

ಎಫ್‌ಯುಇ ಅಂದರೆ ಹಿಂದಲೆಯ ಕೂದಲನ್ನು ಬೇರು ಸಮೇತ ಒಂದೊಂದೇ ಸಣ್ಣ ಗುಚ್ಛವಾಗಿ ತೆಗೆದು, ಕೂದಲಿಲ್ಲದ ಕಡೆ ನೆಡುವ ವಿಧಾನ. ‘ಎಫ್‌ಯುಇ ವಿಧಾನದಲ್ಲಿ ಕೂದಲು ಕಸಿ ಮಾಡಿಸಿದರೆ ಹಿಂದಲೆಯಲ್ಲಿ ಕಲೆಯೇ ಉಳಿಯಲ್ಲ, ತೆಗೆದ ಕೂದಲೂ ಮತ್ತೆ ಬರುತ್ತೆ’ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಚರ್ಮದ ಪಟ್ಟಿಯನ್ನೇ ಕತ್ತರಿಸಿ ತೆಗೆಯುವ ಇನ್ನೊಂದು ವಿಧಾನದಂತೆ ಇಲ್ಲಿ ಉದ್ದನೆಯ ಹೊಲಿಗೆ ಗೆರೆ ಇರುವುದಿಲ್ಲ, ನಿಜ. ಆದರೆ ಪ್ರತಿ ಬೇರಿನ ಗುಚ್ಛವನ್ನೂ ಸುಮಾರು 1 ಮಿ.ಮೀ. ಅಗಲದ ಕೊಳವೆಯಂಥ ಉಪಕರಣದಿಂದ ಕೊರೆದು ತೆಗೆಯುತ್ತಾರೆ. 2,000 ಗುಚ್ಛ ತೆಗೆದರೆ 2,000 ತೂತು! ಒಂದೆರಡು ವಾರದಲ್ಲಿ ಹಕ್ಕಳೆ ಉದುರುತ್ತದೆ, ಸಣ್ಣ ಬಿಳಿ ಚುಕ್ಕಿ ಉಳಿಯುತ್ತದೆ. ಸುತ್ತಲಿನ ಕೂದಲು ಅದನ್ನು ಮುಚ್ಚುತ್ತದೆ, ಅಷ್ಟೇ. ತಿರುಪತಿಯಲ್ಲಿ ಮುಡಿ ಕೊಟ್ಟಾಗ ಕಾಣಬಹುದು.

ಬೇರು ಸಮೇತ ಹೋದ ಕೂದಲು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಅಕ್ಕಪಕ್ಕದ ಕೂದಲು ತಾತ್ಕಾಲಿಕವಾಗಿ ಉದುರಿ, ಕೆಲವು ತಿಂಗಳಲ್ಲಿ ಬರುವುದುಂಟು. ಜನ ಗೊಂದಲಕ್ಕೆ ಬೀಳುವುದು ಇಲ್ಲೇ ಇರಬೇಕು. ಒಂದೇ ಕಡೆ ಜಾಸ್ತಿ ತೆಗೆದರೆ ಆ ಜಾಗ ತೆಳ್ಳಗಾಗಿಯೇ ಉಳಿಯುತ್ತದೆ. ಎಷ್ಟು ತೆಗೆಯುತ್ತೀರಿ, ಎಲ್ಲಿಂದ ಅಂತ ದಯವಿಟ್ಟು ವೈದ್ಯರನ್ನು ಮೊದಲೇ ಕೇಳಿ.