ಎಡಕ್ಕೆ ಯಾರು, ಬಲಕ್ಕೆ ಯಾರು

ಹಡಗಿನ ಟಿಕೆಟ್ ಬುಕ್ ಮಾಡುತ್ತಿದ್ದ ಮಗ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಕೇಳಿದ, "ಅಮ್ಮ, ರಾತ್ರಿ ಊಟಕ್ಕೆ ಎಷ್ಟು ಜನರ ಟೇಬಲ್ ಬೇಕು? ಎರಡಾ, ನಾಲ್ಕಾ, ಆರಾ, ಎಂಟಾ?"

ನಗು ಬಂತು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವಾಗ ಪಕ್ಕದಲ್ಲಿ ಯಾರು ಬರುತ್ತಾರೆ ಅನ್ನುವುದು ನಮ್ಮ ಕೈಯಲ್ಲಿರುತ್ತದಾ? ಕರ್ಚೀಫು ಹಾಕಿ ಸೀಟು ಹಿಡಿದರೂ ಒಂದು ಕಡೆ ಹಿಡಿಯಬಹುದು. ಇನ್ನೊಂದು ಕಡೆ ಯಾರೋ ಬಂದು ಕೂತೇ ಕೂರುತ್ತಾರೆ. ಪರವಾಗಿಲ್ಲ, ಇಪ್ಪತ್ತು ನಿಮಿಷದ ಮಾತು. ಎಲೆ ನೋಡಿಕೊಂಡು ಉಂಡರಾಯಿತು. ಪಾಯಸ ಬರುವಷ್ಟರಲ್ಲಿ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ. ಹಡಗಿನ ಊಟ ಹಾಗಲ್ಲ. ಎರಡು ತಾಸು. ಏಳು ರಾತ್ರಿ. ಅದೇ ಮೇಜು, ಅವೇ ಮುಖಗಳು.

ಹೋಗಿದ್ದು ಅಲಾಸ್ಕಾಕ್ಕೆ, 2025ರ ಜೂನಿನಲ್ಲಿ. ಸಿಯಾಟಲ್‌ನಿಂದ ಹೊರಟು ಜುನೋ, ಸ್ಕ್ಯಾಗ್‌ವೇ, ಗ್ಲೇಷಿಯರ್ ಬೇ, ಕೆಚಿಕಾನ್ ನೋಡಿಕೊಂಡು ವಾಪಸ್ ಬರುವುದು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರಿಗೆ ನಯಾಗರಾ ಆದ ಮೇಲೆ ಮಾಡಿಸುವ ಎರಡನೇ ಯಾತ್ರೆ ಇದು. ಮೊಮ್ಮಗಳಿಗೆ ಮೂರು ವರ್ಷ. ಅವಳನ್ನು ಎರಡು ತಾಸು ಕುರ್ಚಿಯಲ್ಲಿ ಕೂರಿಸುವುದು ಆಗದ ಮಾತು. ಮಗ ಸೊಸೆ ಅವಳನ್ನು ಕರೆದುಕೊಂಡು ಮೇಲಿನ ಬಫೆಗೆ ಹೋಗುವುದು, ನಾವಿಬ್ಬರು ಕೆಳಗಿನ ದೊಡ್ಡ ಊಟದ ಹಾಲಿಗೆ ಹೋಗುವುದು ಎಂದಾಯಿತು. "ನೀವಿಬ್ರೇ ಆರಾಮಾಗಿ ಕೂತ್ಕೊಳ್ಳಿ" ಎಂದು ಮಗ ಎರಡರ ಮುಂದೆ ಟಿಕ್ ಮಾಡಿದ. ಪಾಪ, ಅವನಿಗೆ ಹೊಸ ಮದುವೆಯ ನೆನಪು ಇನ್ನೂ ಇದೆ.

ಊಟಕ್ಕೆ ಎರಡು ಸರದಿ. ಮೊದಲನೆಯದು ಸಂಜೆ 5.30ಕ್ಕೆ. ನಮಗೆ ಅದು ಕಾಫಿ ಕೋಡುಬಳೆಯ ಹೊತ್ತು, ಊಟದ್ದಲ್ಲ. ಎಂಟು ಗಂಟೆಯದನ್ನು ಹಿಡಿದೆವು. ಅಲ್ಲಿ ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕು ಇರುತ್ತದೆ. ಹಾಗಾಗಿ ರಾತ್ರಿ ಊಟ ಅನ್ನುವುದು ಬರೀ ಹೆಸರಿಗೆ.

ಮೊದಲ ಎರಡು ರಾತ್ರಿ ಕಿಟಕಿ ಪಕ್ಕದ ಪುಟ್ಟ ಮೇಜು. ಎದುರಿಗೆ ನಮ್ಮವರು, ನಡುವೆ ಒಂದು ಹೂದಾನಿ. ಮದುವೆಯಾಗಿ 38 ವರ್ಷ ಆಯಿತು. ಮನೆಯಲ್ಲಿ ಊಟದ ಹೊತ್ತಿಗೆ ಟಿವಿ ಇರುತ್ತದೆ, ಮೂರನೆಯವರ ಜಾಗದಲ್ಲಿ ಅದೇ ಮಾತಾಡುತ್ತದೆ. ಇಲ್ಲಿ ಅದೂ ಇಲ್ಲ.

"ಸೂಪ್ ತಣ್ಣಗಿದೆ" ಅಂದರು.

"ತಣ್ಣಗೇ ಇರೋದಂತೆ. ಸ್ಟ್ರಾಬೆರಿದು."

"ಓ."

ಒಂದನೇ ರಾತ್ರಿಯ ಮಾತುಕತೆ ಪೂರ್ತಿ ಇಷ್ಟೇ. ಎರಡನೇ ರಾತ್ರಿ ಸೂಪ್ ಬಿಸಿಯಾಗಿತ್ತು, ಹಾಗಾಗಿ ಇಷ್ಟೂ ಇರಲಿಲ್ಲ.

ನಮಗೆ ಬಡಿಸುತ್ತಿದ್ದ ಹುಡುಗ ಮಂಗಳೂರು ಕಡೆಯವನು. ಈ ಹಡಗುಗಳಲ್ಲಿ ಮಂಗಳೂರು, ಗೋವಾದ ಹುಡುಗರು ಜಾಸ್ತಿ. ಎದೆಯ ಮೇಲೆ ಹೆಸರಿನ ಪಟ್ಟಿ, ಅದರ ಕೆಳಗೆ ದೇಶದ ಹೆಸರು. ನಮ್ಮವರ ಬಾಯಲ್ಲಿ ಕನ್ನಡ ಕೇಳಿದವನೇ ಹತ್ತಿರ ಬಂದು ಮೆಲ್ಲಗೆ, "ಆಂಟಿ, ನಾಳೆಗೆ ಎಂತ ಬೇಕು ಇವತ್ತೇ ಹೇಳಿ, ದಾಲ್, ಪಲ್ಯ ಎಲ್ಲ ಮಾಡಿಸ್ತೇನೆ" ಅಂದಿದ್ದ. ಎರಡನೇ ರಾತ್ರಿ ತಟ್ಟೆ ಎತ್ತುವಾಗ ನಮ್ಮಿಬ್ಬರ ಮುಖ ನೋಡಿದ. "ಎಂಟು ಜನರ ಟೇಬಲಲ್ಲಿ ಜಾಗ ಉಂಟು. ಅಲ್ಲಿ ಹಾಕಿಸ್ಲಾ?" ಗಂಡ ಹೆಂಡತಿ ಇಬ್ಬರೂ ಕಿಟಕಿ ನೋಡಿಕೊಂಡು ಉಣ್ಣುವುದನ್ನು ಅವನು ಅದೆಷ್ಟು ಕಂಡಿದ್ದಾನೋ.

ಅವನೇ ಹೇಳಿದ್ದು: ಮೊದಲನೇ ರಾತ್ರಿ ಊಟ ಮುಗಿದ ಕೂಡಲೇ ಹೆಡ್ ವೇಟರ್ ಮುಂದೆ ಸಾಲು ನಿಲ್ಲುತ್ತದಂತೆ, ಟೇಬಲ್ ಬದಲಿಸಿ ಎಂದು. ಪಕ್ಕದವರು ರಾಜಕೀಯ ಮಾತಾಡ್ತಾರೆ, ಕುಡಿದು ಜೋರಾಗಿ ನಗ್ತಾರೆ, ಮಕ್ಕಳಿದ್ದಾರೆ, ಎಲ್ಲ ಮುದುಕರೇ ಇದ್ದಾರೆ. "ಆದ್ರೆ ಆಂಟಿ, ನಿಜ ಕಾರಣ ಯಾರೂ ಹೇಳುದಿಲ್ಲ. ಎ.ಸಿ. ಗಾಳಿ ಜಾಸ್ತಿ ಬೀಳ್ತದೆ ಹೇಳ್ತಾರೆ."

ಹಿಂದೆ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳಲ್ಲಿ ಈ ಸಾಲಿಗೆ ಅವಕಾಶ ಕಡಿಮೆ. ಉದ್ದುದ್ದ ಮೇಜು, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಕುರ್ಚಿ. ಅಲೆಗೆ ಜಾರಬಾರದಲ್ಲ. ಕೂತಲ್ಲೇ ತಿರುಗಬಹುದಿತ್ತು ಅಷ್ಟೆ. ಪಕ್ಕದವರು ಸರಿಯಿಲ್ಲದಿದ್ದರೆ ಇನ್ನೊಂದು ಪಕ್ಕಕ್ಕೆ ತಿರುಗಿದರಾಯಿತು. 1905ರಲ್ಲಿ 'ಅಮೆರಿಕಾ' ಅನ್ನುವ ಜರ್ಮನ್ ಹಡಗಿನಲ್ಲಿ ಹೋಟೆಲಿನ ಹಾಗೆ ಬೇಕಾದಾಗ ಬಂದು ಬೇಕಾದ್ದು ತರಿಸಿಕೊಂಡು ತಿನ್ನುವ ಏರ್ಪಾಡು ಮಾಡಿದರು. ದುಡ್ಡಿದ್ದವರಿಗೆ ಮಾತ್ರ. ಈಗ ಎಷ್ಟೋ ಹಡಗುಗಳಲ್ಲಿ ಎಲ್ಲರಿಗೂ ಆ ಸೌಲಭ್ಯ ಇದೆ. ನಾರ್ವೀಜಿಯನ್ ಕ್ರೂಸ್ ಲೈನ್ ಅನ್ನುವ ಹಡಗು ಕಂಪನಿ 2000ದಿಂದ ಗೊತ್ತಾದ ಮೇಜು, ಗೊತ್ತಾದ ಹೊತ್ತು ಎರಡನ್ನೂ ಬಿಟ್ಟುಬಿಟ್ಟಿತು. ನಮ್ಮ ಹಡಗಿನಲ್ಲಿ ಎರಡೂ ಥರ ಇತ್ತು. ಮಗ ನಮ್ಮ ವಯಸ್ಸು ನೋಡಿ ಹಳೆಯ ಪದ್ಧತಿಯನ್ನೇ ಆರಿಸಿದ್ದ.

ಮೂರನೇ ರಾತ್ರಿ ಎಂಟು ಜನರ ದುಂಡು ಮೇಜಿಗೆ ಹೋದೆವು. ಏಳು ಜನ ಆದೆವು. ಎಂಟನೇ ಕುರ್ಚಿ ಕೋಟು, ಕೈಚೀಲಗಳಿಗೆ. ನನ್ನ ಎಡಕ್ಕೆ 81 ವರ್ಷದ ಒಬ್ಬರು ಅಜ್ಜಿ, ಒಬ್ಬರೇ ಬಂದವರು. ಅವರ ಆಚೆಗೆ ಒಬ್ಬ ದಪ್ಪ ಮೀಸೆಯ ಮನುಷ್ಯ, ಆತನ ಹೆಂಡತಿ. ಸಿಯಾಟಲ್ ಸುತ್ತಲಿನ ದ್ವೀಪಗಳಿಗೆ ಕಾರು ಸಾಗಿಸುವ ಫೆರಿಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ನೀರಿನ ಮೇಲೆ ಜೀವಮಾನ ಕಳೆದು, ರಜೆಗೂ ನೀರಿನ ಮೇಲೇ ಬಂದಿದ್ದಾನೆ! ಆತ ಊಟದ ಹೊತ್ತಿಗೆ ಮಾತಾಡುತ್ತಿದ್ದದ್ದು ಬ್ರೆಡ್ಡಿನ ಜತೆ ಮಾತ್ರ. ಇನ್ನೊಂದು ಪಕ್ಕಕ್ಕೆ, ನಮ್ಮವರ ಬಲಕ್ಕೆ, 40 ಸಲ ಕ್ರೂಸ್ ಮಾಡಿದ ಜೋಡಿ.

ಆ 40 ನಮಗೆ ಎರಡನೇ ನಿಮಿಷದಲ್ಲೇ ಗೊತ್ತಾಯಿತು. ಈ ಹಡಗಿನ ಬ್ರೆಡ್ಡಿಗಿಂತ ಕೆರಿಬಿಯನ್ ಹಡಗಿನದು ಚೆನ್ನಾಗಿತ್ತು. ಆ ಹಡಗಿನ ಕ್ಯಾಪ್ಟನ್ ತಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದ. 2011ರಲ್ಲಿ ಜುನೋದಲ್ಲಿ ಇಷ್ಟು ಮಳೆ ಇರಲಿಲ್ಲ. ನಾವು ಏನು ನೋಡಿ ಬಂದರೂ ಅದಕ್ಕಿಂತ ಒಳ್ಳೆಯದನ್ನು ಅವರು ಆಗಲೇ ನೋಡಿಬಿಟ್ಟಿರುತ್ತಿದ್ದರು. ನಮ್ಮಲ್ಲಿ ಕಾಶಿಗೆ ಹೋಗಿ ಬಂದವರು ಇರುತ್ತಾರಲ್ಲ, ಹಾಗೆ.

ಅಜ್ಜಿ ಏನು ಮಾಡುತ್ತಿದ್ದರು ಗೊತ್ತಾ? ಆ ಮನುಷ್ಯ "ನಮ್ಮ ಮೂವತ್ತೊಂದನೇ ಕ್ರೂಸಿನಲ್ಲಿ..." ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಹಾಗೇ ಎರಡೂ ಕಿವಿಯ ಮಷೀನು ತೆಗೆದು ಪುಟ್ಟ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿಯನ್ನು ಬ್ರೆಡ್ ತಟ್ಟೆಯ ಪಕ್ಕ ಇಡುತ್ತಿದ್ದರು. ಆಮೇಲೆ ಆತನ ಮುಖವನ್ನೇ ನೋಡುತ್ತಾ, ನಗುತ್ತಾ, ತಲೆಯಾಡಿಸುತ್ತಾ ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ನನ್ನ ಕಡೆ ತಿರುಗಿ ಒಂದು ಸಲ ಕಣ್ಣು ಮಿಟುಕಿಸಿದರು. ಅವತ್ತಿನಿಂದ ನನಗೆ ಎಡಪಕ್ಕದ ಚಿಂತೆ ಇರಲಿಲ್ಲ.

ಮಗನಿಗೆ ಸಮಾಧಾನ ಇರಲಿಲ್ಲ. "ಅಲ್ಲಿ ಹನ್ನೆರಡು ಜನ ನಮ್ಮವರ ಗುಂಪು ಇದೆಯಲ್ಲಮ್ಮ, ಅವರ ಪಕ್ಕ ಹಾಕಿಸ್ಲಾ?" ಬೇಡ ಅಂದೆ. ಅವರನ್ನು ಲಿಫ್ಟಿನಲ್ಲಿ ನೋಡಿದ್ದೆ. ಐದನೇ ಮಹಡಿಯಿಂದ ಒಂಬತ್ತಕ್ಕೆ ಹೋಗುವುದರೊಳಗೆ ಮಗ ಯಾವ ಕಂಪನಿ, ಗ್ರೀನ್ ಕಾರ್ಡ್ ಆಯ್ತಾ, ಸ್ವಂತ ಮನೆಯಾ ಬಾಡಿಗೆಯಾ, ಎಲ್ಲ ಕೇಳಿ ಮುಗಿಸಿದ್ದರು. ಇನ್ನು ಐದು ರಾತ್ರಿಗೆ ಏನು ಉಳಿದಿರುತ್ತದೆ?

ಬೇರೆಯವರನ್ನು ಆಡಿಕೊಂಡದ್ದು ಸಾಕು. ನಾನೇನು ಕಡಿಮೆಯವಳಲ್ಲ. ನಾಲ್ಕನೇ ರಾತ್ರಿ ಎಲ್ಲರೂ ಅಲಂಕಾರ ಮಾಡಿಕೊಂಡು ಬರಬೇಕು ಎಂದಿತ್ತು. ಇವರಿಗೆ ಮಗನ ಸೂಟು, ಗುಂಡಿ ಹಾಕಿದರೆ ಉಸಿರಿಲ್ಲ. ನಾನು ಮೈಸೂರು ಸಿಲ್ಕ್ ಉಟ್ಟಿದ್ದೆ. ಅಜ್ಜಿ ಸೆರಗನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಆಚೆ ಎಲ್ಲರ ತಟ್ಟೆಯಲ್ಲಿ ಲಾಬ್‌ಸ್ಟರ್, ನಮಗೆ ಅನ್ನ, ದಾಲ್. ದಾಲಿಗೆ ಉಪ್ಪಿತ್ತು, ಹುಳಿಯಿತ್ತು, ಒಟ್ಟಿನಲ್ಲಿ ಜೀವ ಇರಲಿಲ್ಲ. ಆ ರೇಷ್ಮೆ ಸೀರೆಯಲ್ಲೇ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದೆ. ಅಪ್ಪೆಮಿಡಿ ಉಪ್ಪಿನಕಾಯಿ, ಊರಿಂದ ತಂದದ್ದು. ಮುಚ್ಚಳ ತೆಗೆದ ತಕ್ಷಣ ಇಂಗು, ಸಾಸಿವೆ, ಮಾವಿನ ಸೊನೆ ಎಲ್ಲ ಸೇರಿದ ವಾಸನೆ ಮೇಜು ಸುತ್ತಿ ಬಂತು. ನಮಗದು ಪರಿಮಳ. ಅಜ್ಜಿ "ಅದೇನು?" ಎಂದು ಕೇಳಿ, ಬೇಡ ಅಂದರೂ ಇಡೀ ಮಿಡಿಯನ್ನೇ ಬಾಯಿಗೆ ಹಾಕಿಕೊಂಡುಬಿಟ್ಟರು. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು. ಒಂದು ಲೋಟ ನೀರು ಕುಡಿದು, ಗೊರಟನ್ನು ನ್ಯಾಪ್‌ಕಿನ್ನಿಗೆ ಉಗುಳಿ, "ನಾಳೆಯೂ ತರ್ತೀಯಾ?" ಅಂದರು.

ಮರುದಿನ ರಾತ್ರಿ 40ರ ಜೋಡಿ ಬರಲಿಲ್ಲ. ಬೇರೆ ಟೇಬಲಿಗೆ ಹೋದರಂತೆ.

"ಯಾಕಂತೆ?" ಮಂಗಳೂರಿನ ಹುಡುಗನನ್ನು ಕೇಳಿದೆ.

ಅವನು ನನ್ನ ಕೈಚೀಲದ ಕಡೆ ಒಂದು ಸಲ ನೋಡಿದ. "ಎ.ಸಿ. ಗಾಳಿ ಜಾಸ್ತಿ ಅಂತೆ ಆಂಟಿ."

ಅವತ್ತು ಹಡಗು ಗ್ಲೇಷಿಯರ್ ಬೇಯಲ್ಲಿ ಇಡೀ ದಿನ ಸುತ್ತಿತ್ತು. ಅದು ನ್ಯಾಷನಲ್ ಪಾರ್ಕು, ದಿನಕ್ಕೆ ಎರಡೇ ದೊಡ್ಡ ಹಡಗು ಬಿಡುತ್ತಾರೆ. ಪಾರ್ಕಿನ ರೇಂಜರ್‌ಗಳು ಹಡಗಿಗೇ ಹತ್ತಿ ಬಂದು ಮೈಕಿನಲ್ಲಿ ವಿವರಿಸುತ್ತಾರೆ. ನೀಲಿ ಹಿಮದ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡು ಕಳಚಿ ಬೀಳುವುದು ಮೊದಲು ಕಾಣುತ್ತದೆ. ಗುಡುಗಿನ ಹಾಗೆ ಸದ್ದು ಆಮೇಲೆ ಬರುತ್ತದೆ. ರಾತ್ರಿ ಊಟಕ್ಕೆ ಕೂತಾಗಲೂ ಎಲ್ಲರ ಕಣ್ಣಲ್ಲಿ ಅದೇ. ಬಲಗಡೆ ಎರಡು ಕುರ್ಚಿ ಖಾಲಿ. ಹೋಲಿಸಿ ಹೇಳುವವರು ಇಲ್ಲದೆ ಮೇಜು ನಿಶ್ಶಬ್ದವಾಗಿತ್ತು. ಆಗ ಫೆರಿಯ ಮನುಷ್ಯ ಬ್ರೆಡ್ ಬಿಟ್ಟು ತಲೆ ಎತ್ತಿದ. ಇವರನ್ನು ಕೇಳಿದ, "ಇದು ನೀವು ಹತ್ತಿದ ಮೊದಲನೇ ಹಡಗಾ?"

"ಅಲ್ಲ, ಎರಡನೆಯದು" ಅಂದರು ಇವರು.

ನಾನು ಚಮಚ ಕೆಳಗಿಟ್ಟೆ. ಎರಡನೆಯದಾ? ನನಗೆ ಗೊತ್ತಿಲ್ಲದ ಮೊದಲನೆಯದು ಯಾವುದು?

ಸಿಗಂದೂರಿನ ಲಾಂಚು! ಇವರು ಸಾಗರ ತಾಲ್ಲೂಕಿನ ಮುಳುಗಡೆ ಊರಿನವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಊರುಗಳ ಜತೆ ದಾರಿಗಳೂ ನೀರೊಳಗೆ ಹೋದವು. ಆಚೆ ದಡಕ್ಕೆ ಹೋಗಲು ಲಾಂಚೇ ಗತಿ. ಇದನ್ನೆಲ್ಲ ಇವರು ನ್ಯಾಪ್‌ಕಿನ್ ಮಡಿಸಿ ಗುಡ್ಡ ಮಾಡಿ, ಫೋರ್ಕನ್ನು ಅಣೆಕಟ್ಟು ಮಾಡಿ ತೋರಿಸಿದರು. ಬಟಾಣಿ ಕಾಳುಗಳು ಮುಳುಗಿದ ಊರುಗಳು.

"ಎಷ್ಟು ವಾಹನ ಹಿಡಿಯುತ್ತೆ?" ಫೆರಿಯವನು ಕೇಳಿದ.

"ಈಗಿನದರಲ್ಲಿ ಒಂದು ಬಸ್ಸು, ಮೂರು ನಾಲ್ಕು ಜೀಪು."

"ಜನ?"

"ಎಷ್ಟು ಬಂದರೆ ಅಷ್ಟು."

ಆತ ಅದನ್ನು ಒಪ್ಪಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ಲೆಕ್ಕ ಹಾಕಿದ. ಇವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕರುವಿನ ಕತೆ ಶುರು ಮಾಡಿದರು. ಕಾಲೇಜಿನಲ್ಲಿದ್ದಾಗ ಆಚೆ ದಡದ ಅಕ್ಕನ ಮನೆಗೆ ಒಂದು ಕರು ಒಯ್ಯಬೇಕಿತ್ತಂತೆ. ಲಾಂಚಿನಲ್ಲಿ ಮದುವೆ ದಿಬ್ಬಣ. ನಡುನೀರಿನಲ್ಲಿ ಎಂಜಿನ್ ನಿಂತಿತು. ಎಲ್ಲರೂ ಎಂಜಿನ್ ಕಡೆ ನೋಡುತ್ತಿದ್ದಾಗ ಕರು ಸುಮ್ನೆ ಮದುಮಗನ ಬುಟ್ಟಿಗೆ ಬಾಯಿ ಹಾಕಿ, ಹುಡುಗಿಗೆ ಹಾಕಬೇಕಿದ್ದ ಹೂವಿನ ಹಾರವನ್ನು ಅರ್ಧ ತಿಂದು ಮುಗಿಸಿತು. ಇವರು ಉಳಿದರ್ಧವನ್ನು ಬುಟ್ಟಿಯೊಳಗೆ ಸುರುಳಿ ಸುತ್ತಿಟ್ಟು, ಮೇಲೆ ಬಾಳೆ ಎಲೆ ಮುಚ್ಚಿ, ದಡ ಸಿಕ್ಕಿದ ಕೂಡಲೇ ಕರು ಎಳೆದುಕೊಂಡು ಓಡಿದರಂತೆ.

ಫೆರಿಯವನು ಮೀಸೆ ಕುಣಿಸಿ ಕುಣಿಸಿ ನಕ್ಕ. ಅಜ್ಜಿ ಎರಡೂ ಮಷೀನು ಕಿವಿಯಲ್ಲಿಟ್ಟುಕೊಂಡೇ ಕೇಳಿದರು.

ಕ್ಯಾಬಿನ್ನಿಗೆ ಬಂದ ಮೇಲೆ ಕೇಳಿದೆ, "ಇಷ್ಟು ವರ್ಷ ನನಗ್ಯಾಕೆ ಈ ಕರು ಕತೆ ಹೇಳಲಿಲ್ಲ?"

"ನೀನು ಲಾಂಚ್ ಕಂಡವಳಲ್ವಾ. ನಿಂಗೇನು ಹೇಳೋದು?" ಅಂಗಿಯ ಗುಂಡಿ ಬಿಚ್ಚಿ ಹಾಂಗರಿಗೆ ಹಾಕುತ್ತಾ ಅಂದರು.

ಹೌದಲ್ಲ. ಆ ಹನ್ನೆರಡು ಜನರ ಟೇಬಲಿನಲ್ಲಿ ಕೂತಿದ್ದರೆ "ಸಿಗಂದೂರಾ? ನಾವೂ ಹೋಗಿದ್ವಿ, ಎಂಥ ರಶ್ಶು" ಎಂದು ಯಾರೋ ನಡುವೆ ಬಾಯಿ ಹಾಕುತ್ತಿದ್ದರು. ಕರು ಲಾಂಚ್ ಹತ್ತುತ್ತಲೇ ಇರಲಿಲ್ಲ.

ಕೊನೆಯ ರಾತ್ರಿ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಂತಿತು. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಬೇರೆ ದೇಶದ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರಬೇಕಾದರೆ ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕು. ಆ ಕೆಲವು ತಾಸಿಗಾಗಿ ನಾವು ಕೆನಡಾ ವೀಸಾ ಮಾಡಿಸಿ ಫೋಟೋ, ಬೆರಳಚ್ಚು ಎಲ್ಲ ಕೊಟ್ಟಿದ್ದೆವು. ಆದರೂ ಇಳಿಯಲಿಲ್ಲ. ಫೆರಿಯವನು ತಾನು ಕೆಲಸ ಮಾಡಿದ ಎಂಜಿನ್ನುಗಳ ಕತೆ ಹೇಳುತ್ತಿದ್ದ. ಅರ್ಧ ಅರ್ಥವಾಗಲಿಲ್ಲ, ಏಳಲು ಮನಸ್ಸಾಗಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಎರಡು ಮಿಡಿಯನ್ನು ಅಜ್ಜಿಗೆ ಕೊಟ್ಟೆ. ಮರುದಿನ ಬೆಳಗ್ಗೆ ಲಗೇಜಿನ ಗದ್ದಲದಲ್ಲಿ ದೂರದಿಂದ ಕೈ ಬೀಸಿದ್ದಷ್ಟೆ. ಫೋನ್ ನಂಬರ್ ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಜುಲೈ 14ರಂದು ಸಿಗಂದೂರಿನ ಹೊಸ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ್ದು. ನಾವಿನ್ನೂ ಮಗನ ಮನೆಯಲ್ಲೇ ಇದ್ದೆವು. ಇವರು ಫೋನಿನಲ್ಲಿ ಸುದ್ದಿ ಓದಿ, ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಆ ಮನುಷ್ಯನಿಗೆ ಹೇಳಬೇಕಿತ್ತು" ಅಂದರು.

"ಯಾರಿಗೆ? ಹೆಸರೇನು ಅವರದ್ದು?"

ಯೋಚನೆ ಮಾಡಿದರು. ಕೈ ಎತ್ತಿ ಗಾಳಿಯಲ್ಲಿ ಒಂದು ದುಂಡು ಮೇಜು ಬರೆದರು.

"ನಿನ್ನ ಎಡಕ್ಕೆ ಅಜ್ಜಿ. ಅಜ್ಜಿಯ ಎಡಕ್ಕೆ ಅವನು."